ತೋಟ ಬಿಟ್ಟವರ ಪಿ.ಎಫ್. ಹಣ

ನೌಕರಿ ಬಿಟ್ಟ ಮೇಲೆ ಭವಿಷ್ಯ ನಿಧಿಯ ಹಣವನ್ನು ಪಡೆಯುವುದು ಈಗ ಬೆರಳ ತುದಿಯ ಕೆಲಸವೆಂದು ಸರ್ಕಾರ ಹೇಳುತ್ತಿದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಅವರ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಬಗೆಯಲ್ಲಿರುತ್ತದೆ, ಹುಟ್ಟಿದ ದಿನಕ್ಕೆ ಅಂಕಪಟ್ಟಿಯ ಆಧಾರವಿರುತ್ತದೆ, ಮೊಬೈಲ್ ಸಂಖ್ಯೆ ವರ್ಷಗಳಿಂದ ಬದಲಾಗಿರುವುದಿಲ್ಲ. ಆದರೆ ಕೊಡಗಿನ ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷ ದುಡಿದು ಹೊರಬೀಳುವವರ ಬೆರಳ ತುದಿಗಳ ಸ್ಥಿತಿಯೇ ಬೇರೆ. ಹಣ್ಣು ಕೊಯ್ದು, ಮೆಣಸು ಉದುರಿಸಿ, ಕಪಾತಿನ ಕತ್ತಿ ಹಿಡಿದು ಸವೆದ ಆ ಬೆರಳುಗಳ ಗುರುತನ್ನು ಯಂತ್ರ ಎಷ್ಟೋ ಸಲ ಹಿಡಿಯುವುದೇ ಇಲ್ಲ.

ರಾಜ್ಯ ಸರ್ಕಾರದ ಸೇವೆಯಿಂದ ನಿವೃತ್ತನಾದ ಮೇಲೆ ನಾನು ಸಿದ್ದಾಪುರದಲ್ಲಿ ನೆಲೆಸಿದ್ದೇನೆ. ಸರ್ಕಾರಿ ಕೆಲಸದಲ್ಲಿದ್ದವರಿಗೆ ಕಾಗದಪತ್ರಗಳ ಭಾಷೆ ಗೊತ್ತಿರುತ್ತದೆಂಬ ನಂಬಿಕೆಯಿಂದ ಊರಿನವರು ಆಗಾಗ ಪ್ಲಾಸ್ಟಿಕ್ ಚೀಲ ಹಿಡಿದು ಮನೆಗೆ ಬರುತ್ತಾರೆ. ಚೀಲದೊಳಗೆ ಮಾಸಿದ ವಾರ್ಷಿಕ ಪಿ.ಎಫ್. ಚೀಟಿ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್, ತೋಟದ ರೈಟರು ಬರೆದುಕೊಟ್ಟ ಒಂದು ತುಂಡು ಕಾಗದ ಇರುತ್ತವೆ. ಹೀಗೆ ಬಂದವರ ಕಾಗದಗಳನ್ನು ಓದಿ ಓದಿ, ನಮ್ಮ ಸಾಮಾಜಿಕ ಭದ್ರತೆಯ ವ್ಯವಸ್ಥೆಯ ಬಗ್ಗೆ ಅರ್ಥಶಾಸ್ತ್ರದ ಪಠ್ಯಗಳು ಹೇಳದ ಕೆಲವು ಸಂಗತಿಗಳು ನನಗೆ ತಿಳಿದುಬಂದವು.

ನೌಕರರ ಭವಿಷ್ಯ ನಿಧಿಯ ಕಾನೂನು 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1952ರಲ್ಲಿ ಕಾಯ್ದೆಯಾಯಿತು. ಮೊದಲಿಗೆ ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ದಿಮೆಗಳಿಗಷ್ಟೇ ಅನ್ವಯವಾಗಿದ್ದ ಯೋಜನೆ ಅದೇ ದಶಕದಲ್ಲಿ ಕಾಫಿ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೂ ವಿಸ್ತರಿಸಿತು. ಅಸ್ಸಾಮಿನ ಚಹಾ ತೋಟಗಳು ಮಾತ್ರ ಇದರ ಹೊರಗೆ ಉಳಿದವು. ಅಲ್ಲಿಗೆ 1955ರಲ್ಲಿ ಪ್ರತ್ಯೇಕ ಕಾನೂನು ಬಂತು. ಅಂದರೆ ತೋಟ ಕಾರ್ಮಿಕರ ಪಿ.ಎಫ್. ಎಂಬುದು ನಿನ್ನೆ ಮೊನ್ನೆಯ ಸವಲತ್ತಲ್ಲ. ಅಜ್ಜ ಅಜ್ಜಿಯರ ಕಾಲದಿಂದ ಕೂಲಿಯಲ್ಲಿ ಮುರಿದುಕೊಂಡು ಬಂದಿರುವ ಹಣ ಅದು.

ಲೆಕ್ಕ ಸರಳವಾಗಿದೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂಪಾಯಿ ಪಡೆಯುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೇ 12ರಂತೆ 1,440 ರೂಪಾಯಿ ಅವರ ಕೂಲಿಯಿಂದ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಕಟ್ಟಬೇಕು. ಆದರೆ ಮಾಲೀಕರ ಪಾಲಿನಲ್ಲಿ ಶೇ 8.33, ಅಂದರೆ ಸುಮಾರು 1,000 ರೂಪಾಯಿ, 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 440 ರೂಪಾಯಿ ಮಾತ್ರ ಪಿ.ಎಫ್. ಖಾತೆಗೆ ಸೇರುತ್ತದೆ. ಹೀಗೆ ತಿಂಗಳಿಗೆ 1,880 ರೂಪಾಯಿ. 2024-25ರ ಬಡ್ಡಿ ದರವಾದ ಶೇ 8.25ರಂತೆ ಹತ್ತು ವರ್ಷ ಬೆಳೆದರೆ ಅದು ಮೂರು ಲಕ್ಷ ದಾಟುತ್ತದೆ. ಮಧ್ಯಮ ವರ್ಗದ ಓದುಗರಿಗೆ ಇದು ಒಂದು ಕಾರಿನ ಮುಂಗಡವಾಗಿ ಕಾಣಬಹುದು. ತೋಟದ ಕಾರ್ಮಿಕರಿಗೆ ಅದು ಮನೆ.

ಮನೆ ಎಂದದ್ದನ್ನು ಸ್ವಲ್ಪ ವಿವರಿಸಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಲೈನ್ ಮನೆಗಳಿಗೆ ಕಾನೂನಿನ ಆಸರೆ ಸಿಕ್ಕಿದ್ದು ಹಾಗೆ. ದುಡಿಯುವವರೆಗೆ ಅದು ಆಸರೆಯೇ. ಆದರೆ ದುಡಿಮೆ ಮುಗಿದ ದಿನ ಆ ಮನೆಯ ಹಕ್ಕೂ ಮುಗಿಯುತ್ತದೆ. ನಗರದ ನೌಕರರು ನಿವೃತ್ತರಾದಾಗ ಸಂಬಳ ನಿಲ್ಲುತ್ತದೆ, ತೋಟದವರು ನಿವೃತ್ತರಾದಾಗ ಸಂಬಳವೂ ಸೂರೂ ಒಟ್ಟಿಗೆ ಹೋಗುತ್ತವೆ. ಮಗನೋ ಸೊಸೆಯೋ ಅದೇ ತೋಟದಲ್ಲಿ ಕೆಲಸಕ್ಕಿದ್ದರೆ ಅವರ ಲೈನಿನ ಒಂದು ಮೂಲೆಯಲ್ಲಿ ಹಿರಿಯರು ಉಳಿಯುತ್ತಾರೆ. ಇಲ್ಲದವರು ಪೈಸಾರಿ ಜಾಗದಲ್ಲೋ ಹೊಳೆಯಂಚಿನಲ್ಲೋ ಶೀಟು ಹೊದಿಸಿಕೊಂಡು ಬದುಕಬೇಕು. 2016ರ ಡಿಸೆಂಬರಿನಲ್ಲಿ ಇಲ್ಲಿಗೆ ಸಮೀಪದ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ತೆರವುಗೊಳಿಸಿದ ನೂರಾರು ಆದಿವಾಸಿ ಗುಡಿಸಲುಗಳು ರಾಜ್ಯದ ಗಮನ ಸೆಳೆದದ್ದನ್ನು ಓದುಗರು ಮರೆತಿರಲಾರರು. ಅಲ್ಲಿ ಗುಡಿಸಲು ಹಾಕಿದ್ದವರಲ್ಲಿ ಅನೇಕರು ತೋಟಗಳ ಲೈನ್ ಮನೆಗಳಿಂದ ಬಂದವರು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಯ ನದಿದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋದಾಗಲೂ ಬೀದಿಗೆ ಬಿದ್ದವರಲ್ಲಿ ಕೂಲಿಕಾರರು ಬಹಳ ಮಂದಿ ಇದ್ದರು. ಅಂದು ನೀರಿನಲ್ಲಿ ಹೋದದ್ದು ಪಾತ್ರೆ ಪಗಡಿಯಷ್ಟೇ ಅಲ್ಲ, ಹಳೆಯ ಪಿ.ಎಫ್. ಚೀಟಿಗಳೂ ಹೋದವು.

ಹಾಗಾಗಿ ಅಂತಿಮ ಪಾವತಿಯ ಅರ್ಜಿಯೊಂದು ತಿರಸ್ಕೃತವಾಯಿತೆಂದರೆ ಅದರ ಅರ್ಥ ಎಲ್ಲರಿಗೂ ಒಂದೇ ಅಲ್ಲ. ತಿರಸ್ಕಾರವೂ ಅಪರೂಪದ ಘಟನೆಯಲ್ಲ. 2017-18ರಲ್ಲಿ ದೇಶದಾದ್ಯಂತ ಅಂತಿಮ ಪಾವತಿಯ ಅರ್ಜಿಗಳಲ್ಲಿ ಶೇ 13ರಷ್ಟು ತಿರಸ್ಕೃತವಾಗುತ್ತಿದ್ದವು. 2022-23ರ ಹೊತ್ತಿಗೆ ಈ ಪ್ರಮಾಣ ಮೂರರಲ್ಲಿ ಒಂದಕ್ಕೆ ಏರಿತು. ಗಮನಿಸಬೇಕಾದದ್ದೆಂದರೆ, ಇದು ಆನ್‌ಲೈನ್ ವ್ಯವಸ್ಥೆ ಬಂದ ನಂತರದ ಏರಿಕೆ. ಹಿಂದೆ ಅರ್ಜಿ ಮಾಲೀಕರ ಕಚೇರಿಯ ಮೂಲಕ ಹೋಗುತ್ತಿತ್ತು. ರೈಟರೋ ಗುಮಾಸ್ತರೋ ತಪ್ಪುಗಳನ್ನು ಅಲ್ಲೇ ತಿದ್ದುತ್ತಿದ್ದರು. ಈಗ ಆ ಹೊರೆ ಓದು ಬರಹ ತಿಳಿಯದವರ ಹೆಗಲಿಗೆ ಬಂದಿದೆ. ಅರ್ಜಿ ಬಂದ 20 ದಿನಗಳೊಳಗೆ ಇತ್ಯರ್ಥವಾಗಬೇಕೆಂಬ ನಿಯಮವಿದೆ. ತಿರಸ್ಕರಿಸಿದರೂ ಕಡತ ಇತ್ಯರ್ಥವಾದಂತೆಯೇ ಲೆಕ್ಕ! ಕಚೇರಿಗಳಲ್ಲಿ ಮೂರು ದಶಕ ಕಳೆದ ನನಗೆ ಈ ಲೆಕ್ಕದ ಒಳಗುಟ್ಟು ಚೆನ್ನಾಗಿ ಗೊತ್ತು. ಗಡುವನ್ನು ಮಾತ್ರ ಅಳೆದರೆ ಕಡತ ಬೇಗ ಮುಗಿಯುತ್ತದೆ. ಕೆಲಸ ಮುಗಿಯಿತೇ ಎಂಬುದನ್ನು ಯಾರೂ ಅಳೆಯುವುದಿಲ್ಲ.

ತಿರಸ್ಕಾರಕ್ಕೆ ಕಾರಣಗಳೇನು? ಮೊದಲನೆಯದು ಹೆಸರು. ಲಕ್ಷ್ಮಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವುದು ಒಂದೇ ರೀತಿ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ‘ಕೆ-ಎಸ್-ಎಚ್’ ಹಾಕಬಹುದು, ‘ಎಕ್ಸ್’ ಒಂದನ್ನೇ ಹಾಕಲೂಬಹುದು. ತೋಟದ ಚೆಕ್‌ರೋಲ್ ಬರೆದವರು ಒಂದನ್ನು ಆರಿಸಿದರು, ಆಧಾರ್ ಕೇಂದ್ರದ ಹುಡುಗ ಇನ್ನೊಂದನ್ನು. ತಮಿಳು ಮೂಲದವರ ಹೆಸರಿನ ಮುಂದೆ ತಂದೆಯ ಮೊದಲಕ್ಷರ ಬರುತ್ತದೆ, ಮದುವೆಯಾದ ಮೇಲೆ ಗಂಡನದು. ಯರವ, ಕುರುಬ ಸಮುದಾಯದವರಿಗೆ ಇನಿಷಿಯಲ್ ಎಂಬುದೇ ಇರಲಿಲ್ಲ. ನೋಂದಣಿಯ ದಿನ ಯಾರೋ ಒಂದನ್ನು ಕೊಟ್ಟರು. ಕಂಪ್ಯೂಟರಿನ ದೃಷ್ಟಿಯಲ್ಲಿ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು.

ಎರಡನೆಯದು ಜನ್ಮದಿನಾಂಕ. ಹುಟ್ಟಿದ ದಿನ ಗೊತ್ತಿಲ್ಲದವರ ಆಧಾರಿನಲ್ಲಿ ಜನವರಿ 1 ಎಂದು ನಮೂದಾಗಿರುವುದು ಸಾಮಾನ್ಯ. ಕೆಲಸಕ್ಕೆ ಸೇರುವಾಗ ತೋಟದವರು ಮುಖ ನೋಡಿ ಅಂದಾಜಿಸಿದ ವಯಸ್ಸು ಪಿ.ಎಫ್. ದಾಖಲೆಯಲ್ಲಿದೆ. ಎರಡೂ ತಾಳೆಯಾಗುವುದು ಆಕಸ್ಮಿಕವಷ್ಟೆ. 2024ರ ಜನವರಿಯಲ್ಲಿ ಭವಿಷ್ಯ ನಿಧಿ ಸಂಘಟನೆ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟಿತು. ಆಧಾರ್ ಎಂಬುದು ಗುರುತಿನ ಪುರಾವೆಯೇ ಹೊರತು ವಯಸ್ಸಿನ ಪುರಾವೆಯಲ್ಲ ಎಂಬ ತರ್ಕ ಸರಿಯಾದದ್ದೇ. ಆದರೆ ಶಾಲೆಯ ಮೆಟ್ಟಿಲು ಹತ್ತದವರಿಗೆ ಅಂಕಪಟ್ಟಿಯಿಲ್ಲ, ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಜನನ ಪತ್ರವಿಲ್ಲ. ಉಳಿಯುವುದು ಸಿವಿಲ್ ಸರ್ಜನ್ ಅವರ ವೈದ್ಯಕೀಯ ಪ್ರಮಾಣಪತ್ರ ಮತ್ತು ಪ್ರಮಾಣಿತ ಹೇಳಿಕೆಯ ದಾರಿ. ಅದಕ್ಕೆ ಮಡಿಕೇರಿಯ ಬಸ್ಸು ಹತ್ತಬೇಕು, ಒಂದು ಸಲವಲ್ಲ.

ಮೂರನೆಯದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು: ತುಂಡಾದ ಖಾತೆಗಳು. ಎರಡು ವರ್ಷಗಳ ಹಿಂದೆ ಅರುವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದಿದ್ದರು. ಒಂದೇ ತೋಟ, ಒಂದೇ ಲೈನ್ ಮನೆ, ಮೂವತ್ತು ವರ್ಷಕ್ಕೂ ಮಿಕ್ಕಿದ ದುಡಿಮೆ. ಕೈಗೆ ಬಂದ ಹಣ ಹದಿಮೂರು ವರ್ಷಗಳದ್ದು ಮಾತ್ರ. ನಡುವೆ ತೋಟ ಕೈ ಬದಲಾಯಿಸಿತ್ತು. ಹೊಸ ಮಾಲೀಕರು ಹೊಸ ಸಂಕೇತ ಸಂಖ್ಯೆ ಪಡೆದರು, ಕಾರ್ಮಿಕರಿಗೆಲ್ಲ ಹೊಸ ಖಾತೆ ತೆರೆದರು. ಹಳೆಯ ಖಾತೆಯ ವರ್ಗಾವಣೆಗೆ ಅರ್ಜಿ ಕೊಡಿಸಬೇಕಾದವರು ಕೊಡಿಸಲಿಲ್ಲ. ಆಕೆ ಅದೇ ಗಿಡಗಳ ನಡುವೆ ನಿಂತು ದುಡಿಯುತ್ತಿದ್ದರೂ ದಾಖಲೆಯ ಪ್ರಕಾರ ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಸೇರಿದ್ದರು. “ದುಡ್ಡು ಇದೆ ಅಂತಾರೆ ಸಾರ್, ಯಾರ ಹತ್ತಿರ ಇದೆ ಅಂತ ಮಾತ್ರ ಹೇಳಲ್ಲ” ಎಂದರು ಆಕೆ. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಪುಣ್ಯಕ್ಕೆ ಹಳೆಯ ಚೀಟಿಯೊಂದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಅದರ ಸಂಖ್ಯೆ ಹಿಡಿದು, ಮೂರು ಪತ್ರ ಬರೆದು, ಹನ್ನೊಂದು ತಿಂಗಳ ನಂತರ ಹಣ ಬಂತು. ಚೀಟಿ ಹೊಳೆಯ ಪಾಲಾಗಿದ್ದರೆ?

2014ರಲ್ಲಿ ಬಂದ ಹನ್ನೆರಡು ಅಂಕಿಗಳ ಸಾರ್ವತ್ರಿಕ ಖಾತೆ ಸಂಖ್ಯೆ, ಅಂದರೆ ಯು.ಎ.ಎನ್., ಈ ಸಮಸ್ಯೆಯನ್ನು ಮುಂದಿನ ತಲೆಮಾರಿಗೆ ಪರಿಹರಿಸಬಹುದು. ಆದರೆ ಇಂದು ತೋಟಗಳಿಂದ ನಿವೃತ್ತರಾಗುತ್ತಿರುವವರು 1980, 1990ರ ದಶಕಗಳಲ್ಲಿ ಸೇರಿದವರು. ಅವರ ದುಡಿಮೆಯ ಅರ್ಧ ಭಾಗ ಕಾಗದದಲ್ಲಿದೆ, ಉಳಿದರ್ಧ ಕಂಪ್ಯೂಟರಿನಲ್ಲಿದೆ. ಅದೇ ಅವಧಿಯಲ್ಲಿ ಕಾಫಿಯ ಲೋಕವೂ ತಲೆಕೆಳಗಾಯಿತು. ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡಿತು. 2000ದ ನಂತರದ ಬೆಲೆ ಕುಸಿತದಲ್ಲಿ ಎಷ್ಟೋ ತೋಟಗಳು ಸಾಲದಲ್ಲಿ ಮುಳುಗಿದವು, ಕೆಲವು ಮಾರಾಟವಾದವು. ಕಾರ್ಮಿಕರ ಕೂಲಿಯಿಂದ ಮುರಿದುಕೊಂಡ ವಂತಿಗೆಯನ್ನು ನಿಧಿಗೆ ಕಟ್ಟದಿರುವುದು ಬರಿಯ ಬಾಕಿಯಲ್ಲ, ದಂಡಸಂಹಿತೆಯ ಪ್ರಕಾರ ನಂಬಿಕೆದ್ರೋಹದ ಅಪರಾಧ. ಆದರೆ ಕಟ್ಟಿಲ್ಲವೆಂಬುದು ಕಾರ್ಮಿಕರಿಗೆ ತಿಳಿಯುವುದು ಹಣ ಕೇಳಲು ಹೋದಾಗ. ಬೆಲೆ ಬಿದ್ದ ಕಾಲದ ನಷ್ಟವನ್ನು ಅವರು ಹೀಗೆ ಎರಡು ದಶಕ ತಡವಾಗಿ ಹೊರುತ್ತಾರೆ. 2024, 2025ರಲ್ಲಿ ಕಾಫಿ ದಾಖಲೆಯ ಬೆಲೆ ಕಂಡಿತಲ್ಲ, ಆ ಹಳೆಯ ಬಾಕಿಗಳನ್ನು ಲೆಕ್ಕ ಹಾಕಿ ತೀರಿಸಲು ಅದಕ್ಕಿಂತ ಒಳ್ಳೆಯ ಕಾಲ ಯಾವುದು?

ಇನ್ನು ಹೊಸ ನಿಯಮದ ವಿಚಾರ. 2025ರ ಅಕ್ಟೋಬರ್ 13ರಂದು ಭವಿಷ್ಯ ನಿಧಿಯ ಕೇಂದ್ರ ಮಂಡಳಿ ಕೈಗೊಂಡ ತೀರ್ಮಾನಗಳು ಸಾಕಷ್ಟು ಚರ್ಚೆಯಾಗಿವೆ. ಭಾಗಶಃ ಹಣ ತೆಗೆಯುವ ಹದಿಮೂರು ನಿಯಮಗಳನ್ನು ಮೂರು ಗುಂಪುಗಳಿಗೆ ಇಳಿಸಿದ್ದು ಸ್ವಾಗತಾರ್ಹ. ಆದರೆ ಕೆಲಸ ಕಳೆದುಕೊಂಡವರು ಶೇ 75ರಷ್ಟನ್ನು ಕೂಡಲೇ ಪಡೆಯಬಹುದು, ಉಳಿದ ಶೇ 25ಕ್ಕೆ ಹನ್ನೆರಡು ತಿಂಗಳು ಕಾಯಬೇಕು ಎಂದು ಮಂಡಳಿ ನಿರ್ಧರಿಸಿತು. ಮೊದಲು ಈ ಕಾಯುವಿಕೆ ಎರಡು ತಿಂಗಳಿನದಾಗಿತ್ತು. ಪಿಂಚಣಿ ಭಾಗದ ಹಣಕ್ಕಂತೂ ಎರಡು ತಿಂಗಳಿದ್ದುದನ್ನು ಮೂವತ್ತಾರು ತಿಂಗಳಿಗೆ ಏರಿಸುವ ತೀರ್ಮಾನವಾಯಿತು. ಐವತ್ತೈದು ತುಂಬಿ ನಿವೃತ್ತರಾಗುವವರಿಗೆ ಈ ತಡೆ ಇಲ್ಲ.

ಇದರ ಹಿಂದಿನ ಚಿಂತನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಂತಿಮ ಪಾವತಿಯ ವೇಳೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಗಿಂತ ಕಡಿಮೆ ಹಣ ಇರುತ್ತದೆಂದು ಸರ್ಕಾರವೇ ಆಗ ವಿವರಿಸಿತು. ಪದೇ ಪದೇ ಬಳಿದುಕೊಂಡರೆ ಮುಪ್ಪಿಗೆ ಏನೂ ಉಳಿಯದು. ಕಡ್ಡಾಯ ಉಳಿತಾಯದ ಸಮರ್ಥನೆ ಇರುವುದೇ ಇಲ್ಲಿ: ಮನುಷ್ಯ ಇಂದಿನ ಅಗತ್ಯವನ್ನು ದೊಡ್ಡದಾಗಿಯೂ ನಾಳಿನದನ್ನು ಚಿಕ್ಕದಾಗಿಯೂ ಕಾಣುತ್ತಾನೆ. ಸಾಫ್ಟ್‌ವೇರ್ ಕಂಪನಿ ಬದಲಿಸುವಾಗಲೆಲ್ಲ ಪಿ.ಎಫ್. ಖಾಲಿ ಮಾಡಿ ವಿದೇಶ ಪ್ರವಾಸ ಹೋಗುವ ತರುಣರಿಗೆ ಈ ತಡೆ ಒಳ್ಳೆಯದನ್ನೇ ಮಾಡೀತು.

ಆದರೆ ನಲವತ್ತೆಂಟರ ವಯಸ್ಸಿನಲ್ಲಿ ಸೊಂಟ ಬಿದ್ದು ತೋಟ ಬಿಡುವ ಹೆಂಗಸಿನ ವಿಷಯದಲ್ಲಿ ಈ ತರ್ಕ ನಿಲ್ಲುವುದಿಲ್ಲ. ಆಕೆಗೆ ಇನ್ನೊಂದು ಉದ್ಯೋಗವಿಲ್ಲ. ಮುಪ್ಪು ಅಂದೇ ಶುರುವಾಗಿದೆ. ಲೈನ್ ಮನೆ ಬಿಡಬೇಕಾದ ತಿಂಗಳಲ್ಲೇ ಆಕೆಗೆ ಗೋಡೆ ಏಳಬೇಕು. ಕಾಲುಭಾಗ ಹಣಕ್ಕೆ ವರ್ಷ ಕಾಯುವಾಗ ಆಕೆ ಮಾಡುವುದೇನು? ಸಾಲ. ಮೈಕ್ರೋಫೈನಾನ್ಸ್ ಸಂಸ್ಥೆಗಳ ಬಡ್ಡಿ ಶೇ 20ನ್ನು ಮೀರುತ್ತದೆ, ಮೀಟರ್ ಬಡ್ಡಿಯವರ ಲೆಕ್ಕ ಹೇಳುವಂತೆಯೇ ಇಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ನೆನಪಿರಲಿ. ತನ್ನದೇ ಹಣ ಶೇ 8.25ರ ಬಡ್ಡಿ ಗಳಿಸುತ್ತ ನಿಧಿಯಲ್ಲಿ ಕುಳಿತಿರುವಾಗ ಅದರ ಎರಡೂವರೆ ಪಟ್ಟು ಬಡ್ಡಿಗೆ ಹೊರಗೆ ಸಾಲ ತರುವುದನ್ನು ಯಾವ ಅರ್ಥಶಾಸ್ತ್ರವೂ ಉಳಿತಾಯವೆಂದು ಕರೆಯದು. ಮಾಲೀಕರು ಕೊಟ್ಟ ವಸತಿಯಲ್ಲಿದ್ದು ಕೆಲಸದೊಂದಿಗೆ ಅದನ್ನೂ ಬಿಡಬೇಕಾದವರಿಗೆ ಈ ಕಾಯುವಿಕೆಯಿಂದ ವಿನಾಯಿತಿ ಕೊಡುವುದು ನ್ಯಾಯ. ಅಂಥವರನ್ನು ಗುರುತಿಸುವುದು ಕಷ್ಟವೇನಲ್ಲ, ಸಂಸ್ಥೆಯ ಸಂಕೇತ ಸಂಖ್ಯೆಯಿಂದಲೇ ಅದು ತೋಟವೆಂದು ತಿಳಿಯುತ್ತದೆ.

ಪಿಂಚಣಿಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಹತ್ತು ವರ್ಷ ಸೇವೆ ತುಂಬಿದವರಿಗೆ ಐವತ್ತೆಂಟರ ನಂತರ ಮಾಸಿಕ ಪಿಂಚಣಿ ಇದೆ. ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದರೆ ಬರುವ ಮೊತ್ತ ಅದು. 12,000 ರೂಪಾಯಿ ವೇತನ, 28 ವರ್ಷ ಸೇವೆಯಿದ್ದರೆ 4,800 ರೂಪಾಯಿ. ಎಂಟು, ಒಂಬತ್ತು ವರ್ಷ ದುಡಿದವರು ಪಿಂಚಣಿ ಭಾಗವನ್ನೂ ಒಟ್ಟಿಗೆ ಬಿಡಿಸಿಕೊಂಡರೆ ಆ ಸೇವೆ ಅಲ್ಲಿಗೆ ಅಳಿಸಿಹೋಗುತ್ತದೆ. ಅದರ ಬದಲು ಸೇವಾ ಪ್ರಮಾಣಪತ್ರ ಪಡೆದಿಟ್ಟುಕೊಂಡು ಬೇರೆ ತೋಟದಲ್ಲಿ ಹತ್ತು ತುಂಬಿಸುವುದು ಲಾಭದಾಯಕ. ಇದನ್ನು ಇವರಿಗೆ ಯಾರೂ ಹೇಳುವುದಿಲ್ಲ. 2014ರಲ್ಲಿ ನಿಗದಿಯಾದ 1,000 ರೂಪಾಯಿಯ ಕನಿಷ್ಠ ಪಿಂಚಣಿಯನ್ನು ಬೆಲೆ ಏರಿಕೆಗೆ ಹೊಂದಿಸದೆ ಬಿಟ್ಟಿರುವುದು ಬೇರೆಯದೇ ಲೇಖನದ ವಸ್ತು.

ಸರ್ಕಾರಿ ನೌಕರರ ವಿಷಯದಲ್ಲಿ ನಾವು ಏನು ಮಾಡುತ್ತೇವೆ? ನಿವೃತ್ತಿಗೆ ಬಹಳ ಮೊದಲೇ ಸೇವಾ ಪುಸ್ತಕ ಪರಿಶೀಲನೆಯಾಗುತ್ತದೆ, ಕೊರತೆಗಳು ಬರವಣಿಗೆಯಲ್ಲಿ ಬರುತ್ತವೆ, ನೌಕರ ಕುರ್ಚಿ ಬಿಡುವ ಹೊತ್ತಿಗೆ ಕಡತ ಮಹಾಲೇಖಪಾಲರ ಕಚೇರಿಯಲ್ಲಿರುತ್ತದೆ. ನನ್ನ ಪಿಂಚಣಿಗಾಗಿ ನಾನು ಯಾರ ಮನೆ ಬಾಗಿಲಿಗೂ ಪ್ಲಾಸ್ಟಿಕ್ ಚೀಲ ಹಿಡಿದು ಹೋಗಲಿಲ್ಲ. ಈ ಪದ್ಧತಿಯನ್ನು ತೋಟಗಳಿಗೆ ತರಲು ಹೊಸ ಕಾನೂನು ಬೇಕಿಲ್ಲ. ಐವತ್ತಾರು ದಾಟಿದ ಕಾರ್ಮಿಕರ ಪಟ್ಟಿಯನ್ನು ಪ್ರತಿ ತೋಟದಿಂದ ತರಿಸಿಕೊಂಡು, ಅವರು ಕೆಲಸದಲ್ಲಿರುವಾಗಲೇ ಹೆಸರು, ದಿನಾಂಕ, ಹಳೆಯ ಖಾತೆಗಳನ್ನು ತಾಳೆ ನೋಡಬಹುದು. ಕೆಲಸದಲ್ಲಿರುವಾಗ ತಿದ್ದುಪಡಿಗೆ ಮಾಲೀಕರ ಸಹಿ ಒಂದು ದಿನದ ಮಾತು; ತೋಟ ಬಿಟ್ಟು ಮೂರು ವರ್ಷವಾದ ಮೇಲೆ ಅದೇ ಸಹಿಗೆ ಗೇಟಿನಲ್ಲಿ ಕಾಯಬೇಕು. 2025ರ ಜನವರಿಯಲ್ಲಿ ಬಂದ ಸರಳೀಕರಣದಲ್ಲಿ ಕೆಲವು ತಿದ್ದುಪಡಿಗಳಿಗೆ ಮಾಲೀಕರ ಅನುಮೋದನೆಯೇ ಬೇಡವೆಂದಾಯಿತು. ಆದರೆ ಆ ಅನುಕೂಲ 2017ರ ಅಕ್ಟೋಬರ್ ನಂತರ ಯು.ಎ.ಎನ್. ಪಡೆದವರಿಗೆ. ಹಳಬರಿಗೆ, ಅಂದರೆ ನಿಜಕ್ಕೂ ಬೇಕಾದವರಿಗೆ, ಅದು ಸಿಗಲಿಲ್ಲ.

ತಡ ಮಾಡುವವರಿಗೆ ಇನ್ನೊಂದು ಹೊಡೆತವಿದೆ. ಐವತ್ತೈದರ ನಂತರ ನಿವೃತ್ತರಾದವರು ಮೂವತ್ತಾರು ತಿಂಗಳೊಳಗೆ ಹಣ ಕೇಳದಿದ್ದರೆ ಖಾತೆಗೆ ಬಡ್ಡಿ ನಿಲ್ಲುತ್ತದೆ. ಹೀಗೆ ನಿಷ್ಕ್ರಿಯವಾದ ಖಾತೆಗಳಲ್ಲಿ ಬಹುಕಾಲ ಯಾರೂ ಕೇಳದೆ ಉಳಿದ ಹಣ 2015ರ ಹಣಕಾಸು ಕಾಯ್ದೆಯ ಮೂಲಕ ಸ್ಥಾಪನೆಯಾದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಂದಲೂ ಕೇಳಿ ಪಡೆಯಲು ಅವಕಾಶವಿದೆಯೆನ್ನಿ. ಆದರೂ ಸೂರಿಲ್ಲದ ಹಿರಿಯ ನಾಗರಿಕರ ಹಣ ಹಿರಿಯ ನಾಗರಿಕರ ಕಲ್ಯಾಣಕ್ಕೆಂದು ಜಮೆಯಾಗುವ ಈ ವಿಚಿತ್ರವನ್ನು ಏನೆನ್ನೋಣ!

ಈ ಅಂತರದಲ್ಲಿ ಬೆಳೆದಿರುವುದು ಮಧ್ಯವರ್ತಿಗಳ ಕಸುಬು. ಜೆರಾಕ್ಸ್ ಅಂಗಡಿ, ಸೈಬರ್ ಕೇಂದ್ರಗಳಲ್ಲಿ ಪಿ.ಎಫ್. ತೆಗೆಸಿಕೊಡುತ್ತೇವೆಂದು ಹೇಳುವವರು ಬರುವ ಹಣದಲ್ಲಿ ಪಾಲು ಕೇಳುತ್ತಾರೆ. ಅರ್ಜಿಗೆ ಶುಲ್ಕವೇ ಇಲ್ಲವೆಂಬುದು ಕಾರ್ಮಿಕರಿಗೆ ತಿಳಿದಿಲ್ಲ. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮೇಸ್ತ್ರಿಯದೋ ಗುತ್ತಿಗೆದಾರನದೋ ಆಗಿರುವ ಪ್ರಕರಣಗಳನ್ನೂ ನೋಡಿದ್ದೇನೆ, ಓ.ಟಿ.ಪಿ. ಹೋಗುವುದು ಅವರಿಗೆ. ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಕೊಯ್ಲಿಗೆ ಬಂದು ಕೆಲವು ತಿಂಗಳಲ್ಲಿ ಹಿಂದಿರುಗುವವರ ಹಣದ ಗತಿ ಇನ್ನೂ ಅಸ್ಪಷ್ಟ. ಆರು ತಿಂಗಳಿಗಿಂತ ಕಡಿಮೆ ಸೇವೆಯವರಿಗೂ ಪಿಂಚಣಿ ಭಾಗದ ಹಣ ಹಿಂದಿರುಗಿಸಬಹುದೆಂದು 2024ರ ಜೂನ್‌ನಲ್ಲಿ ನಿಯಮ ಬದಲಾಯಿತು. ಆ ಸುದ್ದಿ ಅವರ ಊರಿಗೆ ತಲುಪಿದೆಯೇ? ಇಪ್ಪತ್ತಕ್ಕಿಂತ ಕಡಿಮೆ ಆಳುಗಳಿರುವ ಸಣ್ಣ ತೋಟಗಳವರಂತೂ ಈ ಚರ್ಚೆಯ ಹೊರಗೇ ಇದ್ದಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಇಪ್ಪತ್ತರ ಗೆರೆ ಹಾಗೆಯೇ ಉಳಿದಿದೆ.

ಭವಿಷ್ಯ ನಿಧಿ ಸಂಘಟನೆ 2023ರ ಜನವರಿಯಿಂದ ‘ನಿಧಿ ಆಪ್ಕೆ ನಿಕಟ್’ ಎಂಬ ಹೆಸರಿನಲ್ಲಿ ಪ್ರತಿ ತಿಂಗಳ 27ರಂದು ಜಿಲ್ಲೆಗೊಂದು ಶಿಬಿರ ನಡೆಸುವ ಪದ್ಧತಿ ತಂದಿದೆ. ಹೆಸರಿನಲ್ಲಿ ನಿಕಟ ಎಂಬ ಮಾತಿದೆ. ಆ ಶಿಬಿರ ವರ್ಷಕ್ಕೆ ಎರಡು ಸಲವಾದರೂ ಸಿದ್ದಾಪುರದಲ್ಲಿ ನಡೆಯಲಿ, ಹಳೆಯ ದಾಖಲೆ ನೋಡಬಲ್ಲ ಅಧಿಕಾರಿಯೊಬ್ಬರು, ತಮಿಳು ಮಲಯಾಳ ಬಲ್ಲ ಒಬ್ಬರು, ವಯಸ್ಸಿನ ಪ್ರಮಾಣಪತ್ರಕ್ಕೆ ಸರ್ಕಾರಿ ವೈದ್ಯರೊಬ್ಬರು ಅಲ್ಲಿರಲಿ. ಜಾಗದ ಚಿಂತೆ ಬೇಡ. ಊರಿನ ಯಾವುದಾದರೊಂದು ಸಭಾಭವನದ ಬಾಡಿಗೆಯನ್ನು ಕೊಡಲು ನಾವು ಕೆಲವು ನಿವೃತ್ತರು ಸಿದ್ಧರಿದ್ದೇವೆ.